ಒಂದೇ ತಾರೀಖಿಗೆ ಇಷ್ಟೊಂದು ಘಟನೆಗಳೇಕೆ? ಜೂನ್ 25ರ ಬೋರ್ಡಿನ ಕಥೆ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆ ಆದಮೇಲೆ ಮಕ್ಕಳಿಂದ 'ಈ ದಿನದ ವಿಶೇಷ' ಓದಿಸುವುದು, ಅದನ್ನೇ ಬೋರ್ಡಿನಲ್ಲಿ ಬರೆಸುವುದು ನನ್ನ ಪಾಲಿನ ಕೆಲಸ. ಈ ಸಲ ಜೂನ್ 25ಕ್ಕೆ ನಾಲ್ಕು ಸಾಲು ಬರೆಸಿದ್ದೆ: 1932ರಲ್ಲಿ ಭಾರತದ ಮೊದಲ ಟೆಸ್ಟ್, 1975ರಲ್ಲಿ ತುರ್ತು ಪರಿಸ್ಥಿತಿ, 1983ರಲ್ಲಿ ವಿಶ್ವಕಪ್, 2009ರಲ್ಲಿ ಮೈಕೆಲ್ ಜಾಕ್ಸನ್ ನಿಧನ. ಅವತ್ತೇ ತಕರಾರು ಶುರುವಾಯಿತು. ತುರ್ತು ಪರಿಸ್ಥಿತಿ ಬಂದದ್ದು 26ಕ್ಕೆ, ನಮ್ಮ ತಂದೆ ಅವತ್ತೇ ರೇಡಿಯೋದಲ್ಲಿ ಕೇಳಿದ್ದರು ಎಂದು ಪೋಷಕರೊಬ್ಬರು ಹೇಳಿದರು. ಜಾಕ್ಸನ್ ಸತ್ತದ್ದೂ 26ಕ್ಕೆ, ನಮ್ಮಣ್ಣ ಅವತ್ತಿನ ಡೈರಿಯಲ್ಲಿ ಬರೆದಿಟ್ಟಿದ್ದಾನೆ ಎಂದು ಹತ್ತನೇ ತರಗತಿಯ ಹುಡುಗ ಹೇಳಿದ. ಇಷ್ಟೆಲ್ಲ ಒಂದೇ ದಿನ ಆಗಿದೆ ಅಂದ್ರೆ ಆ ತಾರೀಖಿನಲ್ಲೇ ಏನೋ ಇದೆ, 2 ಮತ್ತು 5 ಕೂಡಿದರೆ 7 ಅಂತ ಸಹೋದ್ಯೋಗಿಯೊಬ್ಬರು ಲೆಕ್ಕ ಹಾಕಿದರು. ಮುಖ್ಯೋಪಾಧ್ಯಾಯರ ಚಿಂತೆ ಬೇರೆ. ತುರ್ತು ಪರಿಸ್ಥಿತಿ ರಾಜಕೀಯ, ಕಪ್ ಗೆದ್ದದ್ದು ಸಂಭ್ರಮ, ಎರಡನ್ನೂ ಒಟ್ಟಿಗೆ ಬರೆಯಬಹುದಾ ಅಂತ ಕೇಳುತ್ತಾರೆ. ಈ ಕೆಲಸ ಮುಂದುವರಿಸಲೋ, ಬಿಟ್ಟುಬಿಡಲೋ?

ಉತ್ತರ: ಬಿಡಬೇಡಿ ಮೇಡಂ. ನಿಮ್ಮ ನಾಲ್ಕೂ ಸಾಲು ಸರಿಯಾಗಿಯೇ ಇವೆ. ಆ ಪೋಷಕರು ಹೇಳಿದ್ದೂ ಸುಳ್ಳಲ್ಲ, ಆ ಹುಡುಗ ಹೇಳಿದ್ದೂ ಸುಳ್ಳಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ 'ಇತಿಹಾಸದಲ್ಲಿ ಈ ದಿನ' ಅಂಕಣ ನೋಡಿಕೊಂಡವನು ನಾನು. ಓದುಗರಿಂದ ಬರುತ್ತಿದ್ದ ಪತ್ರಗಳಲ್ಲಿ ಜಾಸ್ತಿ ಇದೇ ಥರದವು. ನೀವು ಒಂದು ದಿನ ಹಿಂದೆ ಬರೆದಿದ್ದೀರಿ, ಇಲ್ಲವೇ ಒಂದು ದಿನ ಮುಂದೆ ಬರೆದಿದ್ದೀರಿ ಅಂತ. ಬಹಳ ಸಲ ಇಬ್ಬರೂ ಸರಿ ಇರುತ್ತಿದ್ದರು. ಗಡಿಯಾರ ಮಾತ್ರ ಬೇರೆ ಬೇರೆ.

ಜಾಕ್ಸನ್ ವಿಷಯವೇ ನೋಡಿ. ಅವರು ತೀರಿಕೊಂಡರು ಎಂದು ವೈದ್ಯರು ಘೋಷಿಸಿದ್ದು ಲಾಸ್ ಏಂಜಲಿಸ್‌ನಲ್ಲಿ, ಅಲ್ಲಿನ ಸಮಯ ಮಧ್ಯಾಹ್ನ 2.26ಕ್ಕೆ. ಅಲ್ಲಿ ಅದು 2009ರ ಜೂನ್ 25, ಗುರುವಾರ. ಆಗ ನಮ್ಮಲ್ಲಿ ಶುಕ್ರವಾರ ನಸುಕಿನ 2.56. ನಾವು ಎದ್ದು ಟೀವಿ ಹಾಕಿದಾಗ ಗೋಡೆಯ ಕ್ಯಾಲೆಂಡರ್ 26 ತೋರಿಸುತ್ತಿತ್ತು. ಹುಡುಗನ ಅಣ್ಣ ಡೈರಿಯಲ್ಲಿ ಸರಿಯಾಗಿಯೇ ಬರೆದಿದ್ದಾನೆ. ಆದರೆ ಹುಟ್ಟು, ಸಾವು, ಪಂದ್ಯ, ಯುದ್ಧ ಯಾವುದೇ ಇರಲಿ, ಎಲ್ಲಿ ನಡೆಯಿತೋ ಅಲ್ಲಿನ ತಾರೀಖನ್ನೇ ಹಿಡಿಯುವುದು ರೂಢಿ. ಹಾಗಾಗಿ ಬೋರ್ಡಿಗೆ 25 ಸರಿ.

ಇದೇ ಜೂನ್ 25ಕ್ಕೆ ಇನ್ನೊಂದು ಉದಾಹರಣೆ ಇದೆ, ನಿಮ್ಮ ಪಾಠಕ್ಕೂ ಆಗುತ್ತದೆ. 1950ರಲ್ಲಿ ಉತ್ತರ ಕೊರಿಯಾದ ಸೇನೆ ಗಡಿ ದಾಟಿ ದಕ್ಷಿಣಕ್ಕೆ ನುಗ್ಗಿದ್ದು ಜೂನ್ 25ರ ಭಾನುವಾರ ನಸುಕಿನಲ್ಲಿ. ದಕ್ಷಿಣ ಕೊರಿಯಾದವರು ಆ ಯುದ್ಧವನ್ನು ಇವತ್ತಿಗೂ '6.25' ಎಂದೇ ಕರೆಯುತ್ತಾರೆ. ಆದರೆ ಆ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಇನ್ನೂ 24, ಶನಿವಾರ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ದಿನದ್ದೂ ಇದೇ ಗೋಜಲು. ಅಮೆರಿಕದವರಿಗೆ ಅದು 1969ರ ಜುಲೈ 20ರ ರಾತ್ರಿ, ನಮಗೆ 21ರ ಬೆಳಗ್ಗೆ 8.26. ಚಂದ್ರನಿಗೆ ಅಂತ ಸ್ಥಳೀಯ ತಾರೀಖು ಇಲ್ಲವಲ್ಲ, ಅದಕ್ಕೇ ಆ ಜಗಳ ಇನ್ನೂ ನಿಂತಿಲ್ಲ.

ತುರ್ತು ಪರಿಸ್ಥಿತಿಯ ವಿಷಯ ಸ್ವಲ್ಪ ಬೇರೆ. ಇಲ್ಲಿ ದೇಶ ಒಂದೇ, ಗಡಿಯಾರವೂ ಒಂದೇ. ಆದರೆ ಘಟನೆ ನಡುರಾತ್ರಿಯನ್ನು ದಾಟಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ರಾಯ್‌ ಬರೇಲಿ ಚುನಾವಣೆಯನ್ನು ರದ್ದು ಮಾಡಿತು. 24ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತು ಹಾಕಿ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ ಅಂತ. 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರ ಭಾರಿ ಸಭೆ ನಡೆಯಿತು. ಅದೇ ರಾತ್ರಿ, 12 ಹೊಡೆಯುವ ಮುಂಚೆ, ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದೇ ಮರುದಿನ ಬೆಳಗ್ಗೆ. ಅದಾದ ಮೇಲೆ ಇಂದಿರಾ ಆಕಾಶವಾಣಿಯಲ್ಲಿ ಮಾತಾಡಿದರು. ಜನರ ಪಾಲಿಗೆ ತುರ್ತು ಪರಿಸ್ಥಿತಿ ಶುರುವಾದದ್ದು ಆ ಮಾತು ಕೇಳಿದಾಗಲೇ, ಅಂದರೆ 26ಕ್ಕೆ. ಪೋಷಕರ ತಂದೆಯವರ ನೆನಪು ಗಟ್ಟಿಯಾಗಿದೆ. ಕಾಗದದ ಮೇಲಿನ ತಾರೀಖು 25, ಅನುಭವದ ತಾರೀಖು 26.

ನಾನು ಡೆಸ್ಕಿನಲ್ಲಿ ಇಂಥದ್ದಕ್ಕೆ ಒಂದೇ ಉಪಾಯ ಮಾಡುತ್ತಿದ್ದೆ. 'ಜಾರಿಯಾಯಿತು' ಅಂತ ಬರೆಯದೆ, ಏನಾಯಿತೋ ಅದನ್ನೇ ಬರೆಯುತ್ತಿದ್ದೆ. 'ಜೂನ್ 25ರ ರಾತ್ರಿ ರಾಷ್ಟ್ರಪತಿ ಸಹಿ ಹಾಕಿದರು, 26ರ ಬೆಳಗ್ಗೆ ದೇಶಕ್ಕೆ ತಿಳಿಯಿತು.' ಹೀಗೆ ಬರೆದರೆ ಇಬ್ಬರದೂ ಸರಿ, ಜಗಳವೇ ಇಲ್ಲ. ಸಾಲು ಸ್ವಲ್ಪ ಉದ್ದ ಆಗುತ್ತೆ ಅಷ್ಟೇ.

ಇನ್ನು ನಿಮ್ಮ ಸಹೋದ್ಯೋಗಿಯ ಏಳರ ಲೆಕ್ಕ. ಅವರಿಗೆ ಬೇಜಾರು ಮಾಡುವುದು ಬೇಡ, ಒಂದು ಸಣ್ಣ ಕೆಲಸ ಕೊಡಿ. ಪಕ್ಕದ ಎರಡು ದಿನಗಳನ್ನು ನೋಡಲು ಹೇಳಿ. ಜೂನ್ 24: 1974ರಲ್ಲಿ ಲಾರ್ಡ್ಸ್‌ನಲ್ಲಿ ಭಾರತ 42ಕ್ಕೆ ಆಲ್ ಔಟ್, 1987ರಲ್ಲಿ ಲಿಯೊನೆಲ್ ಮೆಸ್ಸಿ ಹುಟ್ಟಿದ್ದು, 2010ರಲ್ಲಿ ವಿಂಬಲ್ಡನ್ ಟೆನಿಸ್‌ನಲ್ಲಿ ಮೂರು ದಿನ ಎಳೆದ ಇಸ್ನರ್-ಮಾಹೂ ಪಂದ್ಯ ಕೊನೆಗೂ ಮುಗಿದದ್ದು. ಜೂನ್ 26: 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ, 1963ರಲ್ಲಿ ಬರ್ಲಿನ್‌ನಲ್ಲಿ ಕೆನಡಿ ಭಾಷಣ, 1997ರಲ್ಲಿ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬಿಡುಗಡೆ. 24ನ್ನು ಕೂಡಿದರೆ 6, 26ನ್ನು ಕೂಡಿದರೆ 8. ಹಾಗಾದರೆ 6, 7, 8 ಮೂರೂ ವಿಶೇಷ ಸಂಖ್ಯೆಗಳೇ? ಯಾವ ದಿನ ತೆಗೆದರೂ ಇಷ್ಟು ಸಿಗುತ್ತದೆ. ನಮ್ಮ ಹತ್ತಿರ ಇರುವುದು 366 ಡಬ್ಬಿ ಮಾತ್ರ, ಹಾಕಬೇಕಾದ ಘಟನೆಗಳು ಲಕ್ಷಾಂತರ. ಎಲ್ಲ ಡಬ್ಬಿಯೂ ತುಂಬಿಯೇ ತುಂಬುತ್ತದೆ. ಅದರಲ್ಲಿ ನಮಗೆ ಬೇಕಾದ ನಾಲ್ಕನ್ನು ಎತ್ತಿಟ್ಟುಕೊಂಡು ಆಮೇಲೆ ನಾವೇ ಬೆರಗಾಗುತ್ತೇವೆ. ಅಂದಹಾಗೆ, ಅದೇ 1983ರ ಜೂನ್ 25 ವೆಸ್ಟ್ ಇಂಡೀಸ್‌ನವರಿಗೆ ಯಾವ ಅದೃಷ್ಟ ತಂದಿತು?

ತರಗತಿಯಲ್ಲಿ ಇದನ್ನು ಮಾಡಿಯೇ ತೋರಿಸಬಹುದು. ಒಂದು ಕೋಣೆಯಲ್ಲಿ 23 ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಇರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 50 ಮಕ್ಕಳಿದ್ದರೆ ಅದು ಶೇ. 97. ಇಬ್ಬಿಬ್ಬರನ್ನು ಜೋಡಿ ಮಾಡುತ್ತಾ ಹೋದರೆ 23 ಜನರಲ್ಲೇ 253 ಜೋಡಿ ಆಗುತ್ತವೆ, ಅದಕ್ಕೇ. ಮಕ್ಕಳಿಗೆ ಕ್ರಿಕೆಟ್ ಉದಾಹರಣೆ ಬೇಕು ಅಂದ್ರೆ ಡಿಸೆಂಬರ್ 6 ಕೊಡಿ. ರವೀಂದ್ರ ಜಡೇಜ, ಜಸ್‌ಪ್ರೀತ್ ಬೂಮ್ರಾ, ಶ್ರೇಯಸ್ ಅಯ್ಯರ್, ನಮ್ಮ ಕರುಣ್ ನಾಯರ್, ನಾಲ್ವರೂ ಹುಟ್ಟಿದ್ದು ಅವತ್ತೇ, ಬೇರೆ ಬೇರೆ ವರ್ಷಗಳಲ್ಲಿ. ಅಣ್ಣಾವ್ರ ಅಭಿಮಾನಿಗಳಿಗೆ ಏಪ್ರಿಲ್ 24 ಗೊತ್ತೇ ಇದೆ. 1929ರಲ್ಲಿ ರಾಜ್‌ಕುಮಾರ್, 1973ರಲ್ಲಿ ಸಚಿನ್ ತೆಂಡೂಲ್ಕರ್.

ಆದರೆ ಎಲ್ಲವನ್ನೂ ಕಾಕತಾಳೀಯ ಎಂದು ತಳ್ಳಿಹಾಕುವುದೂ ತಪ್ಪು. ನನಗೆ ಈ ಕೆಲಸದಲ್ಲಿ ನಿಜವಾಗಿ ಖುಷಿ ಕೊಡುತ್ತಿದ್ದ ಭಾಗ ಇದು. ಕೆಲವು ತಾರೀಖುಗಳು ಕೂಡಿಬರುವುದಕ್ಕೆ ಕಾರಣ ಇರುತ್ತದೆ, ಹುಡುಕಬೇಕು ಅಷ್ಟೇ.

ನಿಮ್ಮ ಬೋರ್ಡಿನ ಎರಡು ಕ್ರಿಕೆಟ್ ಸಾಲುಗಳನ್ನೇ ತೆಗೆದುಕೊಳ್ಳಿ. 1932ರಲ್ಲಿ ಸಿ.ಕೆ. ನಾಯುಡು ನಾಯಕತ್ವದಲ್ಲಿ ಭಾರತ ಮೊದಲ ಟೆಸ್ಟ್ ಆಡಲು ಇಳಿದದ್ದು ಲಾರ್ಡ್ಸ್‌ನಲ್ಲಿ, ಜೂನ್ 25ಕ್ಕೆ. 158 ರನ್‌ಗಳಿಂದ ಸೋತಿತು. 51 ವರ್ಷ ಆದಮೇಲೆ, ಅದೇ ಮೈದಾನ, ಅದೇ ತಾರೀಖು, ಕಪಿಲ್ ದೇವ್ ಕೈಯಲ್ಲಿ ಕಪ್. ಭಾಷಣ ಮಾಡುವವರಿಗೆ ಇದಕ್ಕಿಂತ ಬೇರೆ ಬೇಡ. 365ರಲ್ಲಿ ಒಂದು ಸಂಭವ ಎಂದು ಹೇಳಿಬಿಡುತ್ತಾರೆ. ಆದರೆ ಲೆಕ್ಕ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಕೆಟ್ ನಡೆಯುವುದೇ ಬೇಸಿಗೆಯ ಕೆಲವು ತಿಂಗಳು. ಅದರಲ್ಲೂ ಲಾರ್ಡ್ಸ್‌ನ ದೊಡ್ಡ ಪಂದ್ಯ ಅಂದ್ರೆ ಬಹಳ ಸಲ ಜೂನ್‌ನ ಕೊನೆಯ ಹತ್ತು ಹನ್ನೆರಡು ದಿನ. ಭಾರತದ ಟೆಸ್ಟ್‌ಗಳು ಅಲ್ಲಿ ಶುರುವಾದದ್ದು 1936ರಲ್ಲಿ ಜೂನ್ 27ಕ್ಕೆ, 1946ರಲ್ಲಿ 22ಕ್ಕೆ, 1974ರಲ್ಲಿ 20ಕ್ಕೆ. ಮೊದಲ ಮೂರು ವಿಶ್ವಕಪ್ ಫೈನಲ್‌ಗಳು ಜೂನ್ 21, 23 ಮತ್ತು 25ಕ್ಕೆ. ಮೂರೂ ಶನಿವಾರ, ಏಕೆಂದರೆ ಜನ ರಜೆಯಲ್ಲಿರಬೇಕು. 1932ರ ಜೂನ್ 25 ಕೂಡ ಶನಿವಾರವೇ. ಜೂನ್ ಕೊನೆಯ ಭಾಗದ ಶನಿವಾರಗಳು ಎಂದರೆ ಕೈಬೆರಳಲ್ಲಿ ಎಣಿಸುವಷ್ಟು. ಆದ್ದರಿಂದ ಎರಡು ದೊಡ್ಡ ಪಂದ್ಯ ಒಂದೇ ತಾರೀಖಿಗೆ ಬಿದ್ದದ್ದು ಚಂದದ ಸಂಗತಿ, ಪವಾಡವೇನಲ್ಲ. ನನ್ನ ಪ್ರಕಾರ ಶನಿವಾರದ ಈ ಕಾರಣ ಮಕ್ಕಳಿಗೆ ಏಳರ ಮಹಿಮೆಗಿಂತ ರುಚಿಸುತ್ತದೆ.

ಕೆಲವು ತಾರೀಖುಗಳನ್ನು ಯಾರೋ ಕೂತು ಆರಿಸಿರುತ್ತಾರೆ. ನವೆಂಬರ್ 1 ಎಲ್ಲರಿಗೂ ಗೊತ್ತಿರುವ ಉದಾಹರಣೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದದ್ದು ಅವತ್ತು. ಹಾಗಾಗಿ ನಮ್ಮ ಜೊತೆ ಕೇರಳಕ್ಕೂ ಅದೇ ಹುಟ್ಟುಹಬ್ಬ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಬೇಕೆಂದೇ ಅದೇ ದಿನ. ಹರಿಯಾಣ 1966ರಲ್ಲಿ, ಛತ್ತೀಸ್‌ಗಢ 2000ದಲ್ಲಿ, ಎರಡೂ ನವೆಂಬರ್ 1ಕ್ಕೇ. ಇವೆಲ್ಲ ಸರ್ಕಾರದ ಆಯ್ಕೆ. ಆದರೆ ಕರ್ನಾಟಕಕ್ಕೆ ಹೆಸರಿಟ್ಟ ಆ ದಿನವೇ, 1973ರ ನವೆಂಬರ್ 1ಕ್ಕೆ, ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದ್ದು ಮಾತ್ರ ಶುದ್ಧ ಕಾಕತಾಳೀಯ. ಒಂದೇ ದಿನ, ಒಂದೇ ವರ್ಷ, ಒಂದು ಘಟನೆಗೆ ಕಾರಣ ಇದೆ, ಇನ್ನೊಂದಕ್ಕೆ ಇಲ್ಲ.

ಕಾರಣ ಇರುವ ತಾರೀಖಿಗೆ ನಮ್ಮ ಶಾಲೆಗಳಲ್ಲೇ ಇನ್ನೂ ಒಳ್ಳೆಯ ಉದಾಹರಣೆ ಇದೆ, ನೀವು ನಗಬಹುದು. ಹಳೆಯ ದಾಖಲಾತಿ ಪುಸ್ತಕ ತೆಗೆದು ನೋಡಿ, ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ! ಊರಿನ ಅರ್ಧ ಹಿರಿಯರು ಅವತ್ತೇ ಹುಟ್ಟಿದ್ದಾರೆ. ಮಗುವಿನ ತಾರೀಖು ತಂದೆತಾಯಿಗೆ ನೆನಪಿಲ್ಲ, ಮೇಷ್ಟ್ರು ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಕೂಡುವ ಹಾಗೆ ಒಂದು ತಾರೀಖು ಬರೆದರು. ಯಾವುದಾದರೂ ದಿನ ವಿಪರೀತ ಗಿಜಿಗುಡುತ್ತಿದ್ದರೆ ಬರೆದವರು ಯಾರು, ಯಾವ ಅನುಕೂಲಕ್ಕೆ ಬರೆದರು ಎಂದು ಒಮ್ಮೆ ಕೇಳಿಕೊಳ್ಳಿ.

ಇನ್ನೆರಡು ಕಡೆ ಎಡವುವ ಅಪಾಯ ಇದೆ. ಒಂದು, ಹಲವು ದಿನ ನಡೆದ ಘಟನೆಗಳು. ಮೇಲೆ ಹೇಳಿದ ಇಸ್ನರ್-ಮಾಹೂ ಪಂದ್ಯ ಜೂನ್ 22ಕ್ಕೆ ಶುರುವಾಗಿ 24ಕ್ಕೆ ಮುಗಿಯಿತು. ಆಟದ ಸಮಯವೇ 11 ಗಂಟೆ 5 ನಿಮಿಷ, ಕೊನೆಯ ಸೆಟ್ 70-68. ಇದನ್ನು ಮೂರು ದಿನವೂ ಬರೆಯಬಹುದು, ಆದರೆ 'ಶುರು' ಅಥವಾ 'ಮುಗಿಯಿತು' ಎಂಬ ಪದ ಇರಲೇಬೇಕು. ನಿಮ್ಮ 1932ರ ಸಾಲೂ ಹಾಗೆಯೇ, 'ಮೊದಲ ಟೆಸ್ಟ್ ಶುರು' ಅಂತ ತಿದ್ದಿ. ಇನ್ನೊಂದು, ಹಳೆಯ ಕ್ಯಾಲೆಂಡರ್. ಶೇಕ್ಸ್‌ಪಿಯರ್, ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ಕ್ಕೆ ತೀರಿಕೊಂಡರು ಅಂತ ಪ್ರತಿವರ್ಷ ಫಾರ್ವರ್ಡ್ ಬರುತ್ತದೆ. ಆಗ ಸ್ಪೇನ್ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್ ಹಿಡಿದಿತ್ತು, ಇಂಗ್ಲೆಂಡ್ ಹಳೆಯದನ್ನೇ ಇಟ್ಟುಕೊಂಡಿತ್ತು. ಎರಡು ಸಾವುಗಳ ನಡುವೆ ಸುಮಾರು ಹತ್ತು ದಿನದ ಅಂತರ. ನಮ್ಮಲ್ಲಿ ತಿಥಿ ಪ್ರಕಾರ ಬರುವ ಬಸವ ಜಯಂತಿ, ಕನಕ ಜಯಂತಿಗಳನ್ನು ಇಂಗ್ಲಿಷ್ ತಾರೀಖಿನ ಪಟ್ಟಿಗೆ ಸೇರಿಸಲೇಬೇಡಿ, ಮರುವರ್ಷ ತಪ್ಪುತ್ತದೆ.

ಈಗ ಮುಖ್ಯೋಪಾಧ್ಯಾಯರ ಚಿಂತೆಗೆ ಬರೋಣ. ನನಗೆ ಅದೇ ನಿಜವಾದ ಪ್ರಶ್ನೆ ಅನಿಸುತ್ತದೆ. ನಿಮ್ಮ ಮುಂದೆ ಮೂರು ದಾರಿ ಇವೆ.

ಈಗ ಮಾಡುತ್ತಿರುವ ಹಾಗೆ ಎಲ್ಲವನ್ನೂ ಒಂದರ ಕೆಳಗೊಂದು ಬರೆಯುವುದು ಸುಲಭ. ಅಪಾಯ ಏನೆಂದರೆ ಎಲ್ಲಕ್ಕೂ ಒಂದೇ ತೂಕ ಬಂದುಬಿಡುತ್ತದೆ. 21 ತಿಂಗಳು ನಡೆದ ತುರ್ತು ಪರಿಸ್ಥಿತಿ, ಒಬ್ಬ ಗಾಯಕನ ಸಾವು, ಒಂದು ಕ್ರಿಕೆಟ್ ಪಂದ್ಯ, ಮಗುವಿನ ಕಣ್ಣಿಗೆ ಮೂರೂ ಒಂದೊಂದು ಸಾಲು. ಡಿಸೆಂಬರ್ 6ಕ್ಕೆ ಈ ತೊಂದರೆ ಇನ್ನೂ ಎದ್ದು ಕಾಣುತ್ತದೆ. ಅವತ್ತು 1956ರಲ್ಲಿ ಅಂಬೇಡ್ಕರ್ ತೀರಿಕೊಂಡರು, 1992ರಲ್ಲಿ ಬಾಬ್ರಿ ಮಸೀದಿ ಕೆಡವಲಾಯಿತು. ಅದರ ಕೆಳಗೆ ಬೂಮ್ರಾಗೆ ಹುಟ್ಟುಹಬ್ಬದ ಶುಭಾಶಯ ಬರೆದರೆ ಯಾರಿಗಾದರೂ ಕಸಿವಿಸಿ ಆಗಿಯೇ ಆಗುತ್ತದೆ.

ರಾಜಕೀಯ ಬೇಡವೇ ಬೇಡ, ಕ್ರೀಡೆ, ಸಿನಿಮಾ, ವಿಜ್ಞಾನ ಸಾಕು ಎನ್ನುವುದು ಎರಡನೆಯದು. ಬಹಳ ಶಾಲೆಗಳು ಸುಮ್ನೆ ಯಾಕೆ ತಲೆನೋವು ಅಂತ ಇದನ್ನೇ ಹಿಡಿಯುತ್ತವೆ. ಆದರೆ ನೀವು ಸಮಾಜ ವಿಜ್ಞಾನದ ಮೇಡಂ. ಜೂನ್ 25 ಅಂದ್ರೆ ಕಪಿಲ್ ಮಾತ್ರ ಎಂದು ಕಲಿತ ಮಗು ತುರ್ತು ಪರಿಸ್ಥಿತಿ ಘೋಷಿಸಲು ಅವಕಾಶ ಕೊಡುವ ಸಂವಿಧಾನದ 352ನೇ ವಿಧಿ ಬಂದಾಗ ಅದನ್ನು ಬರೀ ಬಾಯಿಪಾಠ ಮಾಡುತ್ತದೆ. ಜೊತೆಗೆ 2024ರಲ್ಲಿ ಕೇಂದ್ರ ಸರ್ಕಾರ ಈ ದಿನವನ್ನು 'ಸಂವಿಧಾನ ಹತ್ಯಾ ದಿವಸ' ಎಂದು ಆಚರಿಸುವುದಾಗಿ ಅಧಿಸೂಚನೆ ಹೊರಡಿಸಿದೆ. ನೀವು ಬಿಟ್ಟರೂ ಮಕ್ಕಳಿಗೆ ಅದು ಬೇರೆ ಕಡೆಯಿಂದ, ಬೇರೆ ಬಣ್ಣದಲ್ಲಿ ಬಂದೇ ಬರುತ್ತದೆ.

ನಾನಾಗಿದ್ದರೆ ಮೂರನೆಯದನ್ನು ಆರಿಸುತ್ತೇನೆ. ದಿನಕ್ಕೆ ಒಂದೇ ಮುಖ್ಯ ಘಟನೆ, ನಾಲ್ಕೈದು ಸಾಲಿನಲ್ಲಿ. ಉಳಿದವು ಕೆಳಗೆ ಚಿಕ್ಕದಾಗಿ, ಬೇರೆ ತಲೆಬರಹದಲ್ಲಿ. ಮರುವರ್ಷ ಮುಖ್ಯ ಘಟನೆ ಬದಲಾಗಲಿ. ಇದರಲ್ಲೂ ತೊಂದರೆ ಇದೆ. ಈ ವರ್ಷ ಅದನ್ನೇಕೆ ಮೇಲೆ ಹಾಕಿದಿರಿ ಎಂದು ಕೇಳುವವರು ಇರುತ್ತಾರೆ, ಕೆಲಸವೂ ಜಾಸ್ತಿ. ಆದರೆ ಸರದಿ ಪ್ರಕಾರ ಬದಲಾಗುತ್ತದೆ ಎಂದು ಮೊದಲೇ ಬೋರ್ಡಿನಲ್ಲಿ ಬರೆದಿಟ್ಟರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ತುರ್ತು ಪರಿಸ್ಥಿತಿಯ ಸರದಿ ಬಂದಾಗ ವಿಶೇಷಣಗಳನ್ನು ಬಿಡಿ, ನಡೆದದ್ದನ್ನು ಬರೆಯಿರಿ. ಯಾರು ಸಹಿ ಹಾಕಿದರು, ಯಾವ ವಿಧಿ, ಪತ್ರಿಕೆಗಳಿಗೆ ಸೆನ್ಸಾರ್, 1977ರ ಮಾರ್ಚ್ 21ಕ್ಕೆ ತೆರವು. ನಮ್ಮ ಊರಿನ ಎಳೆಯೂ ಇದೆ. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಜೂನ್ 26ರಂದು ಇಲ್ಲೇ ಬಂಧನಕ್ಕೊಳಗಾದರು. ಅವರನ್ನು ಇಟ್ಟಿದ್ದ ಸೆಂಟ್ರಲ್ ಜೈಲಿನ ಜಾಗವೇ ಇವತ್ತಿನ ಫ್ರೀಡಂ ಪಾರ್ಕ್. ನಟಿ ಸ್ನೇಹಲತಾ ರೆಡ್ಡಿ ಕೂಡ ಅದೇ ಜೈಲಿನಲ್ಲಿದ್ದರು. ಆರೋಗ್ಯ ಕೆಟ್ಟು ಪೆರೋಲ್ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಮಕ್ಕಳು ಬೆಂಗಳೂರಿಗೆ ಪ್ರವಾಸ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಬಹುದು.

ವಿಶ್ವಕಪ್‌ನ ಸರದಿ ಬಂದಾಗಲೂ 43 ರನ್ ಗೆಲುವು ಅಂತ ಮುಗಿಸಬೇಡಿ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ವಿಕೆಟ್ ಹಿಂದೆ ನಿಂತವರು ಕರ್ನಾಟಕದ ಪರ ಆಡಿದ ಸೈಯದ್ ಕಿರ್ಮಾನಿ. ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಅವರನ್ನು ಔಟ್ ಮಾಡಿದ್ದೂ ಬಿನ್ನಿಯೇ.

ಒಂದು ಮಾತ್ರ ಮಾಡಬೇಡಿ. ಎರಡು ಘಟನೆಗಳ ನಡುವೆ 'ವಿಶೇಷವೆಂದರೆ ಅದೇ ದಿನ' ಅಂತ ಸೇತುವೆ ಕಟ್ಟಬೇಡಿ. ಸರ್ವಾಧಿಕಾರದ ಬಗ್ಗೆ ಅಷ್ಟು ಬರೆದ ಜಾರ್ಜ್ ಆರ್ವೆಲ್ ಹುಟ್ಟಿದ್ದು 1903ರ ಜೂನ್ 25, ಅದೂ ಬಿಹಾರದ ಮೋತಿಹಾರಿಯಲ್ಲಿ. ತುರ್ತು ಪರಿಸ್ಥಿತಿಯ ಪಕ್ಕ ಇದನ್ನು ಇಡುವ ಆಸೆ ಯಾರಿಗೂ ಬರುತ್ತದೆ, ಅಲ್ವಾ? ಇಡಿ. ಆದರೆ ಎರಡಕ್ಕೂ ಸಂಬಂಧ ಇದೆ ಎನ್ನುವ ಹಾಗೆ ಬರೆಯಬೇಡಿ. ಸಂಬಂಧ ಹುಡುಕುವುದಾದರೆ ಹೈಕೋರ್ಟ್ ತೀರ್ಪಿನಲ್ಲಿ, ರಾಮಲೀಲಾ ಮೈದಾನದ ಸಭೆಯಲ್ಲಿ ಹುಡುಕಿ.

ಕೊನೆಯದಾಗಿ, ತಾರೀಖು ಪಕ್ಕಾ ಮಾಡಿಕೊಳ್ಳುವ ಬಗೆ. ವಾಟ್ಸಾಪ್‌ನಲ್ಲಿ ಬರುವ ಪಟ್ಟಿಗಳು ಒಂದರಿಂದ ಒಂದು ನಕಲು, ಹತ್ತು ಕಡೆ ಒಂದೇ ತಾರೀಖು ಇದೆ ಎನ್ನುವುದು ಹತ್ತು ಸಾಕ್ಷಿ ಆಗುವುದಿಲ್ಲ. ಹಳೆಯ ಪತ್ರಿಕೆ ನೋಡುವಾಗ ಮೇಲಿನ ತಾರೀಖು ಅಚ್ಚಾದ ದಿನದ್ದು, ಸುದ್ದಿ ಸಾಮಾನ್ಯವಾಗಿ ಹಿಂದಿನ ದಿನದ್ದು. ಸುದ್ದಿಯ ಶುರುವಿನಲ್ಲಿ ಊರಿನ ಹೆಸರಿನ ಜೊತೆ ಇರುವ ತಾರೀಖನ್ನೇ ನೋಡಿ. ಪಂದ್ಯಕ್ಕೆ ಸ್ಕೋರ್ ಕಾರ್ಡ್, ಸರ್ಕಾರಿ ವಿಷಯಕ್ಕೆ ಗೆಜೆಟ್ ನೋಡಿ. ಒಂದು ನೋಟ್‌ಬುಕ್ ಇಟ್ಟು, ಪ್ರತಿ ಸಾಲಿನ ಎದುರು ಎಲ್ಲಿ ನೋಡಿದಿರಿ ಎಂದು ಬರೆಯುವ ಕೆಲಸವನ್ನು ಆ ಹತ್ತನೇ ತರಗತಿಯ ಹುಡುಗನಿಗೇ ಒಪ್ಪಿಸಿ. ಡೈರಿ ಹಿಡಿದು ಬಂದು ಮೇಡಂ ಜೊತೆ ವಾದ ಮಾಡಿದವನು ಅದನ್ನು ಚೆನ್ನಾಗಿಯೇ ಮಾಡುತ್ತಾನೆ.